ಪುಟ್ಟನ ಹೆದರಿಕೆಗೆ ದೊಡ್ಡಮ್ಮನ ಉತ್ತರ

ನೋಡಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆ ದೋಸೆ ಹೊಯ್ಯುವಾಗ ನೋಡಿದೆ. ಟೈಪ್ ಮಾಡುವುದು ನನ್ನ ಕೈಲಿ ಆಗುವುದಿಲ್ಲ, ಹೀಗೆ ಮಾತಾಡುತ್ತೇನೆ, ಫೋನೇ ಬರೆದುಕೊಳ್ಳಲಿ, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ಪುಟ್ಟ ಐಸ್ ಏಜ್ ಕಾರ್ಟೂನ್ ಸಿನಿಮಾದ ಎರಡನೇ ಭಾಗ ನೋಡಿದಾಗಿನಿಂದ ಮಳೆ ಜೋರಾದರೆ ಸ್ಕೂಲ್ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಾಗಿಲ ಹತ್ತಿರ ಕೂರುತ್ತಾನೆ, ತುಂಗೆ ನಮ್ಮ ಮನೆಗೂ ಬರುತ್ತಾಳಾ ಅಂತ ಕೇಳುತ್ತಾನೆ, ನೀರೊಳಗಿನ ಆ ದೊಡ್ಡ ಹಲ್ಲಿನ ಎರಡು ಪ್ರಾಣಿಗಳು ಬಂದ ಕೂಡಲೇ ನೀವು ಟೀವಿ ಆಫ್ ಮಾಡಿದಿರಿ, ‘ಅದೆಲ್ಲ ಸುಳ್ಳು, ನೀರೂ ಇಲ್ಲ ಏನೂ ಇಲ್ಲ, ಮಲಗು’ ಅಂತ ಹೇಳಿದರೂ ಮಲಗುತ್ತಿಲ್ಲ, ಡಾಕ್ಟರ ಹತ್ತಿರ ತೋರಿಸಬೇಕಾ ಅಂತ. ಇಷ್ಟೇ ಅಲ್ವಾ? ಅದಕ್ಕೆ ನಿಮ್ಮ ಚಿಕ್ಕಪ್ಪ ನಗುವ ಮುಖ ಹಾಕಿದ್ದಾನೆ. ಅವನ ಮಕ್ಕಳು ಹೆದರಿದಾಗ ಯಾರ ಮನೆಗೆ ಓಡಿ ಬರುತ್ತಿದ್ದರು ಅಂತ ಕೇಳಿ.

ನಾನು ಹೇಳುವುದು ಒಂದೇ. ಮಗುವಿಗೆ ‘ಸುಳ್ಳು, ನೀರು ಬರಲ್ಲ’ ಅಂತ ಹೇಳಬೇಡಿ. ಏನು ಬೇಕಾದರೂ ಹೇಳಿ, ಅದೊಂದು ಬೇಡ.

ನಮ್ಮ ಮುಳುಗಡೆ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದರೆ ಇದನ್ನು ಯಾರಿಗೂ ಹೇಳಿರಲಿಲ್ಲ. ಶರಾವತಿ ಹೊಳೆಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ನನಗೆ ಏಳು ವರ್ಷ. ಸರ್ವೆಯವರು ಬಂದು ನಮ್ಮ ತೋಟದ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಗುಡ್ಡದಲ್ಲಿ, ಕಲ್ಲು ನೆಟ್ಟು ಹೋಗಿದ್ದರು. ತೋಟದ ಮೇಲೆ, ಕೆಳಗಲ್ಲ! ಅಂದರೆ ನೀರು ಎಲ್ಲಿವರೆಗೆ ಬರುತ್ತದೆ ಅಂತ ಏಳು ವರ್ಷದ ನನಗೇ ಲೆಕ್ಕ ಸಿಕ್ಕಿತ್ತು. ನಮ್ಮ ಅಜ್ಜನಿಗೆ ಸಿಗಲಿಲ್ಲ. ‘ಹೊಳೆ ಎಂದಾದರೂ ಗುಡ್ಡ ಹತ್ತುತ್ತದಾ?’ ಅಂತ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ನಗುತ್ತಿದ್ದರು. ನಾನು ದಿನಾ ರಾತ್ರಿ ಅಮ್ಮನ ಸೆರಗು ಹಿಡಿದು ಕೇಳುತ್ತಿದ್ದೆ, ಅಮ್ಮ ‘ಏನೂ ಬರಲ್ಲ, ಮಲಗು’ ಅನ್ನುತ್ತಿದ್ದಳು. ಪಾಪ, ಅವಳಿಗೂ ಹಾಗೇ ಹೇಳಿದ್ದರು. ಆಮೇಲೆ ನಾನೇ ತೋಟದ ಕೆಳಗಿನ ಕಾದಿಗೆ, ಅದೇ ನೀರು ಬಸಿದು ಹೋಗುವ ಕಾಲುವೆ, ಅದರ ಹತ್ತಿರ ಒಂದು ಕೋಲು ಹುಗಿದೆ, ನೀರು ಬಂತಾ ಅಂತ ದಿನಾ ಬೆಳಿಗ್ಗೆ ಹೋಗಿ ನೋಡುವುದು. ಅಪ್ಪ ಅದನ್ನು ಕಿತ್ತು ಎಸೆದರು. ಅಪಶಕುನವಂತೆ.

ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಏಳುವಾಗ ಕಾದಿಗೆ ಇರಲಿಲ್ಲ. ಬರೀ ನೀರು, ಕೆಂಪು ನೀರು, ಅದರಲ್ಲಿ ಅಡಿಕೆ ಮರಗಳ ತಲೆ. ಮಾರನೇ ದಿನ ಲಾರಿ ಬಂತು. ಹಂಡೆ, ಒರಳು, ದೇವರ ಪೆಟ್ಟಿಗೆ, ಕರು, ನಾವು ಏಳು ಜನ, ಎಲ್ಲ ಒಂದೇ ಲಾರಿಯಲ್ಲಿ. ನಾನು ಆಡುವ ಚೆನ್ನೆಮಣೆ ಅಟ್ಟದ ಮೇಲೆ ಉಳಿಯಿತು. ಹೋಗುತ್ತೇವೆ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಇಳಿಸಿ ಇಟ್ಟುಕೊಳ್ಳುತ್ತಿದ್ದೆ. ಹೊಸ ಜಾಗದಲ್ಲಿ ಹೊಳೆಯೂ ಇರಲಿಲ್ಲ ಕೆರೆಯೂ ಇರಲಿಲ್ಲ, ಆದರೂ ಹದಿಮೂರು ವರ್ಷ ಆಗುವವರೆಗೆ ಮಳೆ ಬಂದ ರಾತ್ರಿ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದೆ. ನೀರಿನ ಹೆದರಿಕೆ ಅಲ್ಲ ಅದು. ದೊಡ್ಡವರು ‘ಏನಿಲ್ಲ’ ಅಂದರೆ ಏನೋ ಇದೆ ಅಂತ ಮನಸ್ಸಿಗೆ ಹೊಕ್ಕಿಬಿಟ್ಟಿತ್ತು.

ಈ ಸಿನಿಮಾದಲ್ಲೂ ಅದೇ ಅಲ್ವಾ? ಮೊಮ್ಮಗಳು ಸಣ್ಣವಳಿದ್ದಾಗ ಅವಳ ಜೊತೆ ಹತ್ತು ಸಲ ನೋಡಿರಬೇಕು, 2006ರ ಸಿನಿಮಾ. ಪ್ರವಾಹ ಬರುತ್ತದೆ ಅಂತ ಒಬ್ಬ ಕೂಗಿದರೆ ಆ ಮ್ಯಾಮತ್ ಆನೆ ಮ್ಯಾನಿ ನಂಬುವುದೇ ಇಲ್ಲ, ನಮ್ಮ ಅಜ್ಜನ ಹಾಗೇ. ಮೇಲೆ ಹತ್ತಿ ನೋಡಿದ ಮೇಲೆ ಬುದ್ಧಿ ಬರುತ್ತದೆ, ಮಂಜಿನ ಗೋಡೆ ಕರಗುತ್ತಿದೆ, ಆಚೆ ಪೂರ್ತಿ ನೀರು. ಆಮೇಲೆ ಕಣಿವೆಯ ಪ್ರಾಣಿಗಳೆಲ್ಲ ಮರಿಗಳನ್ನು ಕಟ್ಟಿಕೊಂಡು ದೋಣಿ ಹುಡುಕಿ ಹೊರಡುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನಾನು ಎದ್ದು ಅಡುಗೆಮನೆಗೆ ಹೋದೆ, ಸುಮ್ನೆ ಒಲೆ ಒರೆಸುತ್ತಾ ನಿಂತೆ.

ಮತ್ತೆ ಪೂರ್ತಿ ಸುಳ್ಳೂ ಅಲ್ಲವಲ್ಲ. ಪ್ರಾಣಿಗಳು ಮಾತಾಡುವುದು ಸುಳ್ಳು. ಮ್ಯಾಮತ್ ಇದ್ದದ್ದು ನಿಜ, ಉತ್ತರದ ರಾಂಗೆಲ್ ದ್ವೀಪದಲ್ಲಿ ಸುಮಾರು 4000 ವರ್ಷದ ಹಿಂದಿನವರೆಗೂ ಇದ್ದವು. ಹಿಮ ಕರಗಿದ್ದೂ ನಿಜ, ಆದರೆ ಸಾವಿರಾರು ವರ್ಷ ಹಿಡಿಯಿತು, ಸಿನಿಮಾದ ಹಾಗೆ ಎರಡು ಮೂರು ದಿನದಲ್ಲಿ ಅಲ್ಲ. ಅದನ್ನು ಹೇಳಿ. ನಾಳೆ ಸ್ಕೂಲಿನಲ್ಲಿ ಟೀಚರ್ ಮ್ಯಾಮತ್ ಚಿತ್ರ ತೋರಿಸಿದರೆ ನಿಮ್ಮ ‘ಎಲ್ಲ ಸುಳ್ಳು’ ಎಲ್ಲಿ ಹೋಯಿತು? ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಬರಲ್ಲ, ಇಲ್ಲ, ಸುಳ್ಳು ಅಂತ ಅವನ ಬಾಯಿ ಮುಚ್ಚಿಸಬೇಡಿ.

ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟು ಇತ್ತಲ್ಲ, ಆ ಅಣೆಕಟ್ಟನ್ನೇ ಮುಳುಗಿಸಿತು ಈ ನೀರು, ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ಕಾಣುತ್ತದೆ. ಅಣೆಕಟ್ಟನ್ನೇ ಬಿಡದ್ದು ನಮ್ಮನ್ನು ಬಿಡುತ್ತದಾ! ಊರಿಗೆಲ್ಲ ಕರೆಂಟು ಸಿಕ್ಕಿತು, ನಮ್ಮ ಗುಡಿಸಲಿಗೆ ಚಿಮಣಿ ಬುಡ್ಡಿ. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಅಂತ ಅಪ್ಪ ಸಾಯುವವರೆಗೂ ಅಲೆದರು, ಆಮೇಲೆ ನಿಮ್ಮ ದೊಡ್ಡಪ್ಪ ಅಲೆದರು, ಈಗ ಆ ಫೈಲು ನನ್ನ ಬೀರುವಿನಲ್ಲಿ ಸೀರೆ ಜೊತೆ ಇದೆ. ಹೋಗಲಿ ಬಿಡಿ. ಅದೇ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ 2025ರಲ್ಲಿ ಆಯಿತಲ್ಲ, ಅರವತ್ತು ವರ್ಷ ಲಾಂಚಿಗೆ ಕಾದು ನಿಂತ ಜನ ನಾವು. ನೀವೆಲ್ಲ ಎರಡು ಕಾರಿನಲ್ಲಿ ಹೋದಿರಿ, ಸೇತುವೆ ಮೇಲೆ ನಿಂತು ಫೋಟೋ ಇದೇ ಗ್ರೂಪಿಗೆ ಹಾಕಿದಿರಿ. ದೊಡ್ಡಮ್ಮನಿಗೆ ಮಂಡಿ ನೋವು, ಬರುವುದಿಲ್ಲ ಅಂತ ನೀವೇ ತೀರ್ಮಾನ ಮಾಡಿದಿರಿ. ಕೇಳಿದ್ದರೆ ಬರುತ್ತಿದ್ದೆ. ಆ ಫೋಟೋದಲ್ಲಿ ನಿಮ್ಮ ಹಿಂದೆ ಕಾಣುತ್ತದಲ್ಲ ನೀರು, ಅದರ ಅಡಿಯಲ್ಲಿ ಎಲ್ಲೋ ನನ್ನ ಚೆನ್ನೆಮಣೆ ಇದೆ.

ಅಯ್ಯೋ, ಮುಖ್ಯ ವಿಷಯವೇ ಮರೆತೆ ನೋಡು. ನೀವು ಸಿನಿಮಾ ಅರ್ಧಕ್ಕೆ ನಿಲ್ಲಿಸಿದ್ದೀರಿ! ಅಂದರೆ ಪುಟ್ಟನ ಲೆಕ್ಕದಲ್ಲಿ ನೀರು ಇನ್ನೂ ಇಳಿದೇ ಇಲ್ಲ. ಕೊನೆಯಲ್ಲಿ ಆ ಅಡಿಕೆಕಾಯಿಯಂಥ ಕಾಯಿಯ ಹಿಂದೆ ಓಡುವ ಅಳಿಲು ಇದೆಯಲ್ಲ, ಸ್ಕ್ರಾಟ್, ಅದು ಕಾಯಿಯನ್ನು ಮಂಜಿನ ಗೋಡೆಗೆ ಚುಚ್ಚಿಕೊಂಡು ಹತ್ತುವಾಗ ಗೋಡೆ ಸೀಳಿ ನೀರೆಲ್ಲ ಆ ಕಡೆಗೆ ಬಸಿದು ಹೋಗುತ್ತದೆ, ಎಲ್ಲರೂ ಉಳಿಯುತ್ತಾರೆ. ಅದನ್ನು ಅವನು ನೋಡಬೇಕು. ರಾತ್ರಿ ಬೇಡ, ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, ತೊಡೆ ಮೇಲೆ ಕೂರಿಸಿಕೊಂಡು ಕೊನೆಯ ಇಪ್ಪತ್ತು ನಿಮಿಷ ಹಾಕಿ. ಆ ಹಲ್ಲಿನ ಪ್ರಾಣಿಗಳು ಅಲ್ಲಿ ಮತ್ತೊಮ್ಮೆ ಬರುತ್ತವೆ, ಬರುವ ಮೊದಲೇ ಅವನಿಗೆ ಹೇಳಿಬಿಡಿ, ಆಮೇಲೆ ಅವೂ ಇರುವುದಿಲ್ಲ ಅಂತಲೂ ಹೇಳಿ. ಮೂರನೇ ಭಾಗ ಈಗಲೇ ಬೇಡ, ಅದರ ತುಂಬಾ ಡೈನೋಸಾರ್, ಒಂದು ವರ್ಷ ಹೋಗಲಿ. ಇಷ್ಟಾದ ಮೇಲೂ ಹದಿನೈದು ದಿನ ನಿದ್ದೆ ಬರದಿದ್ದರೆ ಡಾಕ್ಟರಿಗೆ ತೋರಿಸಿ, ಅದರಲ್ಲಿ ನಾಚಿಕೆ ಏನಿಲ್ಲ.

ಮಧ್ಯಾಹ್ನ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ಕರೆದುಕೊಂಡು ಹೋಗಿ. ಮೆಟ್ಟಿಲು ಇಳಿಸಬೇಡಿ, ಸೇತುವೆ ಮೇಲಿಂದಲೇ ತುಂಗೆಯ ಮಂಟಪ ತೋರಿಸಿ. ಹೊಳೆ ತುಂಬಿದರೆ ಮುಳುಗುತ್ತದೆ, ಇಳಿದರೆ ಮತ್ತೆ ಕಾಣುತ್ತದೆ, ಮಳೆಗಾಲದಲ್ಲಿ ಹೀಗೇ ಅಂತ ಹೇಳಿ, ಇವತ್ತು ಎಷ್ಟು ಕಾಣುತ್ತದೆ ಅಂತ ಅವನೇ ಪುಸ್ತಕದಲ್ಲಿ ಚಿತ್ರ ಬರೆಯಲಿ. ಆ ಬ್ಯಾಗನ್ನು ಮಾತ್ರ ಬಿಚ್ಚಬೇಡಿ. ಅದರಲ್ಲಿ ಒಂದು ಟಾರ್ಚು, ನೀರಿನ ಬಾಟಲಿ, ಸ್ವಲ್ಪ ಚಕ್ಕುಲಿ ಇಡಿ. ಅವನ ಆಟದ ಸಾಮಾನು ಯಾವುದು ಬೇಕೋ ಅದನ್ನೂ ಕೇಳಿ ಇಡಿ.

ಹೋಗುವಾಗ ನನಗೊಂದು ಫೋನ್ ಮಾಡಿ. ಆಟೋದಲ್ಲಿ ಬರುತ್ತೇನೆ, ಮಂಡಿ ಪರವಾಗಿಲ್ಲ.