ಸಹಾಯ ಬೇಕು: ಅವಲಾಂಚಿ ಹೊಳೆಯ ಟ್ರೌಟ್‌ ಮೀನಿಗೆ ಯಾವ ಫ್ಲೈ (ಕೊಕ್ಕೆಗೆ ಗರಿ, ನೂಲು ಕಟ್ಟಿದ ಹುಸಿ ಹುಳು)?

ನೀಲಗಿರಿ ಕಡೆಯ ಗಾಳದವರಲ್ಲಿ ಒಂದು ಪ್ರಶ್ನೆ. ಅಕ್ಟೋಬರ್-ನವೆಂಬರ್‌ನ ಹಿಂಗಾರಿನಲ್ಲಿ ರೇನ್‌ಬೋ ಟ್ರೌಟ್‌ಗೆ ಸ್ವಿಂಗ್ ಮಾಡಲು, ಅಂದರೆ ಸೆಳೆತದಲ್ಲಿ ಫ್ಲೈಯನ್ನು ಹೊಳೆಗೆ ಅಡ್ಡಲಾಗಿ ಹಾಯಿಸಲು, ಏನು ಕಟ್ಟುತ್ತೀರಿ? ನೀರು ತಿಳಿಯಿದ್ದರೆ 14ನೇ ನಂಬರ್ ಕೊಕ್ಕೆಗೆ ಕಿತ್ತಳೆ ರೇಷ್ಮೆ ನೂಲು, ಕೌಜುಗದ ಮೆತ್ತನೆ ಗರಿ ಎರಡೇ ಸುತ್ತು ಸಾಕು. ಗರಿ ದಟ್ಟವಾದರೆ ಫ್ಲೈ ಸಲೀಸಾಗಿ ಮುಳುಗಲ್ಲ. ಚಹಾ ಬಣ್ಣಕ್ಕೆ ಕಲಕಿದ ನೀರಿಗೆ 8ನೇ ನಂಬರಿನ (ನಂಬರ್ ಕಡಿಮೆಯಾದಷ್ಟೂ ಕೊಕ್ಕೆ ದೊಡ್ಡದು) ಕಪ್ಪು ವೂಲಿ ಬಗರ್ ಎಂಬ ಪುಕ್ಕದ ಬಾಲದ ಫ್ಲೈ ಸರಿ, ಆದರೆ ತಲೆಯ ಮಣಿ ಹಿತ್ತಾಳೆಯದೋ ಟಂಗ್‌ಸ್ಟನ್ನೋ?

ಅಡ್ಡಲಾಗಿ, ಕೊಂಚ ಹೊಳೆಯ ಕೆಳಗಡೆಗೆ ಎಸೆದು ದಾರವನ್ನು ಹೊಳೆಯ ಮೇಲ್ಗಡೆಗೆ ಮಗುಚದಿದ್ದರೆ ನಡುನೀರಿನ ಸೆಳೆತಕ್ಕೆ ಅದು ಬಿಲ್ಲಿನಂತೆ ಬಾಗಿ ಫ್ಲೈಯನ್ನು ಎಳೆದೊಯ್ಯುತ್ತದೆ. ಅದೇನೋ ಸರಿಯೇ. ತೊಡಕಿರುವುದು ಕೊನೆಯಲ್ಲಿ: ದಾರ ನೇರವಾಗಿ ನಿಂತೊಡನೆ ಮೀನು ಕುಟುಕುತ್ತದೆ, ಕೊಕ್ಕೆಗೆ ಸಿಗಲ್ಲ. ಬಗರ್‌ನ ಬಾಲದ ಪುಕ್ಕ ಗಿಡ್ಡ ಮಾಡಬೇಕೋ, ಇನ್ನೂ ಚಿಕ್ಕ 10ಕ್ಕೆ ಇಳಿಯಬೇಕೋ? ಅಲ್ಲೇ ಕಟ್ಟಿ ನೋಡಿದವರು ಕೊಕ್ಕೆ ನಂಬರ್ ಸಮೇತ ಹೇಳಿ. ಮೊಂಡು ಕೊಕ್ಕೆ ಅನ್ನಬೇಡಿ ಮಾರಾಯ್ರೇ, ಉಗುರಿಗೆ ಒತ್ತಿದರೆ ಜಾರದೆ ನಿಲ್ಲುವಷ್ಟು ಹರಿತವಿದೆ.