ಅರೆಬರೆ ಆಗಿರುವ ಓಪನ್ ಸೋರ್ಸ್ ತಂತ್ರಾಂಶವನ್ನು ಯಾವಾಗ ಹೊರಗೆ ಬಿಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ

ಒಂದು ವರ್ಷದಿಂದ ಬಿಡುವಾದಾಗೆಲ್ಲ ಒಂದು ಸಣ್ಣ ತಂತ್ರಾಂಶ ಬರೆಯುತ್ತಿದ್ದೇನೆ. ಒಂದೇ ಫೋಟೋ ನಾಲ್ಕೈದು ಫೋಲ್ಡರುಗಳಲ್ಲಿ ಇದ್ದರೆ ಅದು ಹುಡುಕುತ್ತದೆ, ಒಂದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸುತ್ತದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿದೆ. ಆದರೆ ಎಲ್ಲವೂ ಕಮಾಂಡ್ ಲೈನ್, ಅಂದರೆ ಆದೇಶ ಟೈಪ್ ಮಾಡಿಯೇ ಓಡಿಸಬೇಕು, ಒಂದು ಬಟನ್ ಕೂಡ ಇಲ್ಲ. ಟೆಸ್ಟುಗಳು (ಕೋಡ್ ಸರಿಯಾಗಿ ಓಡುತ್ತದೆಯೇ ಅಂತ ನೋಡುವ ಪುಟ್ಟ ಪ್ರೋಗ್ರಾಮುಗಳು) ಅಲ್ಲೊಂದು ಇಲ್ಲೊಂದು. ವಿಡಿಯೋ ಫೈಲುಗಳ ಕೆಲಸ ಅರ್ಧಕ್ಕೆ ನಿಂತಿದೆ. ಓಪನ್ ಸೋರ್ಸ್ ಆಗಿ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು, ಈಗಲೇ ಬಿಡಲಾ, ಇನ್ನೊಂದು ಆರು ತಿಂಗಳು ಕಾಯಲಾ?

ಉತ್ತರ 1

ನಾನು ಕಾದೆ. ಎರಡು ವರ್ಷ ಕಾದೆ. ನನ್ನದು ಕೆಲಸದ ಗಂಟೆಗಳನ್ನು ಲೆಕ್ಕ ಇಡುವ ಟೂಲ್. "ಗ್ರಾಫ್ ಒಂದು ಸೇರಿಸಿಬಿಡೋಣ, ಡಾರ್ಕ್ ಥೀಮ್ ಒಂದು ಆಗಲಿ" ಅಂತ ಮುಂದೂಡುತ್ತಲೇ ಹೋದೆ. ಕೊನೆಗೆ ಬಿಟ್ಟಾಗ ಬಂದ ಮೊದಲ ಸಂದೇಶವೇ "ಇನ್‌ಸ್ಟಾಲ್ ಆಗುತ್ತಿಲ್ಲ" ಅಂತ. ನೋಡಿದರೆ ಕೋಡಿನ ಒಂದು ಮೂಲೆಯಲ್ಲಿ ನನ್ನ ಹೋಮ್ ಫೋಲ್ಡರಿನ ವಿಳಾಸವೇ ಹಾಗೇ ಕೂತಿತ್ತು. ಯಾವಾಗಲೋ ಹಾಕಿಕೊಂಡು ಮರೆತಿದ್ದ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಇನ್ನೇನೇನು ಬೇಕು ಅನ್ನುವ ಪಟ್ಟಿಯಲ್ಲೇ ಇರಲಿಲ್ಲ. ಎರಡೂ ಅರ್ಧ ದಿನದ ಕೆಲಸ. ಎರಡು ವರ್ಷ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಬೇರೆ ಮಷೀನಿನಲ್ಲಿ ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಗ್ರಾಫನ್ನು ಯಾರೂ ಬಳಸಲಿಲ್ಲ. ಬಂದವರೆಲ್ಲ ಕೇಳಿದ್ದು ಸ್ಪ್ರೆಡ್‌ಶೀಟಿಗೆ ಇಳಿಸಿಕೊಳ್ಳುವ ದಾರಿ. ಅದು ನನ್ನ ತಲೆಗೇ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ಗೆಳೆಯರೊಬ್ಬರ ಮುಂದೆ ಏನೂ ಹಾಕಿರದ ಮಷೀನ್ ಇಟ್ಟು, ರೀಡ್‌ಮಿ ಫೈಲನ್ನು (ತಂತ್ರಾಂಶದ ಜೊತೆ ಬರುವ ಪರಿಚಯ ಮತ್ತು ಸೂಚನೆ) ಮಾತ್ರ ಕೊಡುತ್ತೇನೆ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಹದಿನೈದು ನಿಮಿಷದಲ್ಲಿ ಅವರಿಗೆ ಉಪಯೋಗದ ಒಂದು ಫಲಿತಾಂಶ ಸಿಕ್ಕಿದರೆ ಬಿಡಬಹುದು. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ, ಬಿಡುವ ಮುಂಚೆ ಮಾಡಬೇಕಾದ ಕೆಲಸ ಅಲ್ಲಿದೆ.

ಇನ್ನೊಂದು ಮಾತು. ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತಾವು ಬರೆಯುತ್ತಿದ್ದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲ ಬಾರಿ ಹೇಳಿಕೊಂಡಾಗ, ಇದು ಇಂಟೆಲ್ಲಿನ 386 ಚಿಪ್ಪಿಗೆ ಅಂಟಿಕೊಂಡಿದೆ, ಬೇರೆ ಕಂಪ್ಯೂಟರಿಗೆ ಒಯ್ಯಲು ಆಗುವುದಿಲ್ಲ, ಆಗಿನ ಪಿಸಿಗಳ ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೇನನ್ನೂ ಬಹುಶಃ ಎಂದೂ ಬೆಂಬಲಿಸುವುದಿಲ್ಲ ಅಂತ ಮುಂಚೆಯೇ ತಿಳಿಸಿದ್ದರು. ಸೆಪ್ಟೆಂಬರಿನಲ್ಲಿ ಹೊರಬಂದ 0.01 ಆವೃತ್ತಿಯಲ್ಲಿ ಇದ್ದದ್ದು ಸುಮಾರು 10,000 ಸಾಲು ಕೋಡ್. 1.0 ಬಂದದ್ದು 1994ರ ಮಾರ್ಚ್‌ನಲ್ಲಿ. ನಡುವಿನ ಎರಡೂವರೆ ವರ್ಷ ಜನ ಅದನ್ನು ಬಳಸುತ್ತಲೇ, ತಿದ್ದುತ್ತಲೇ ಇದ್ದರು. ಏನು ಆಗುವುದಿಲ್ಲ ಅಂತ ಗೊತ್ತಿದ್ದವರಿಗೆ ಅರೆಬರೆ ಕೋಡ್ ತೊಂದರೆ ಅನ್ನಿಸಲಿಲ್ಲ. ನಿಮ್ಮ ರೀಡ್‌ಮಿಯಲ್ಲೂ "ವಿಡಿಯೋ ಇನ್ನೂ ಆಗುವುದಿಲ್ಲ" ಅಂತ ಮೇಲೆಯೇ ಬರೆಯಿರಿ. ಸಾಕು.

ಉತ್ತರ 2

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಾನು ಬೇಗ ಬಿಟ್ಟೆ. ಟಿಪ್ಪಣಿ ಬರೆದಿಡುವ ಪುಟ್ಟ ಆ್ಯಪ್. ಬಿಟ್ಟ ಮೂರನೇ ವಾರ ಫೈಲ್ ಉಳಿಸುವ ಕ್ರಮವನ್ನೇ ಬದಲಿಸಿದೆ, ಹಳೆಯದನ್ನು ಹೊಸದಕ್ಕೆ ತರುವ ಕೋಡ್ ಬರೆಯದೆ. ಒಬ್ಬರ ಹಳೇ ಟಿಪ್ಪಣಿಗಳು ತೆರೆಯಲೇ ಇಲ್ಲ. ಅಪ್‌ಡೇಟ್ ಆದಮೇಲೆ ನನ್ನ ಪ್ರೋಗ್ರಾಮ್ ಆ ಫೈಲಿನ ಮೇಲೆಯೇ ಬರೆದುಬಿಟ್ಟಿತ್ತು. ಅವರು ಬಯ್ಯಲಿಲ್ಲ, ಸುಮ್ನೆ ಬಿಟ್ಟುಹೋದರು. ಇವತ್ತಿಗೂ ನನಗೆ ಅದು ನೋವು.

ಹಾಗಾಗಿ ಕೇಳುತ್ತಿದ್ದೇನೆ: ನಿಮ್ಮದು ಅಳಿಸುವ ಟೂಲ್, ಅಲ್ವಾ? ಬಟನ್ ಇಲ್ಲದಿದ್ದರೆ ಪರವಾಗಿಲ್ಲ. ವಿಡಿಯೋ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಒಬ್ಬರ ಮಗುವಿನ ಫೋಟೋ ತಪ್ಪಾಗಿ ಹೋದರೆ ಅದನ್ನು ಯಾವ ಬಗ್ ಫಿಕ್ಸ್ ಕೂಡ ವಾಪಸ್ ತರುವುದಿಲ್ಲ. ಎರಡು ಫೋಟೋ ಒಂದೇ ಅಂತ ಹೇಗೆ ತೀರ್ಮಾನ ಮಾಡುತ್ತೀರಿ? ಇಡೀ ಫೈಲನ್ನು ಹೋಲಿಸಿಯಾ, ಹೆಸರು ಮತ್ತು ಗಾತ್ರ ನೋಡಿಯಾ? ಹೆಸರು, ಗಾತ್ರ ಅಷ್ಟೇ ಆದರೆ ದಯವಿಟ್ಟು ಈಗಲೇ ಬಿಡಬೇಡಿ. ಏನೂ ಮುಟ್ಟದೆ "ಇವನ್ನು ಅಳಿಸುತ್ತೇನೆ" ಅಂತ ಪಟ್ಟಿ ತೋರಿಸುವುದೇ ಮಾಮೂಲಿ ನಡವಳಿಕೆ ಆಗಿರಲಿ. ನಿಜವಾಗಿ ಅಳಿಸಲು ಬಳಸುವವರೇ ಬೇರೆ ಆಯ್ಕೆ ಕೊಡಬೇಕು. ಆಗಲೂ ಅಳಿಸುವ ಬದಲು ಒಂದು ಫೋಲ್ಡರಿಗೆ ಸರಿಸಿಡಿ. ಟೆಸ್ಟ್ ಬರೆಯಲು ಸಮಯ ಕಡಿಮೆ ಇದ್ದರೆ ಈ ಒಂದು ಭಾಗಕ್ಕೆ ಮಾತ್ರ ಬರೆಯಿರಿ, ಮಿಕ್ಕಿದ್ದು ಆಮೇಲೆ.

ಆವೃತ್ತಿ ಸಂಖ್ಯೆ ಬಗ್ಗೆಯೂ ಜೋಪಾನ. 2008ರ ಜನವರಿಯಲ್ಲಿ ಕೆಡಿಇ (ಲಿನಕ್ಸಿಗೆ ಡೆಸ್ಕ್ ಟಾಪ್ ಕೊಡುವ ತಂತ್ರಾಂಶ) 4.0 ಬಂದಾಗ, ಅದು ಎಲ್ಲರ ದಿನಬಳಕೆಗೆ ಇನ್ನೂ ಸಿದ್ಧವಿಲ್ಲ ಅಂತ ಡೆವಲಪರುಗಳೇ ಹೇಳುತ್ತಿದ್ದರು. ಜನ ಓದಿದ್ದು 4.0 ಅನ್ನುವ ಅಂಕಿಯನ್ನು. ಲಿನಕ್ಸನ್ನು ಬೇರೆ ತಂತ್ರಾಂಶಗಳ ಜೊತೆ ಸೇರಿಸಿ ಕೊಡುವ ಕೆಲವು ಹಂಚಿಕೆಗಳೂ (ಡಿಸ್ಟ್ರೋ) ಅದನ್ನೇ ಕೊಟ್ಟವು. ಬಳಕೆದಾರರು ತುಂಬಾ ಬೇಸರ ಪಟ್ಟುಕೊಂಡರು. ನೀವು 0.1 ಅಂತ ಇಡಿ. 0 ಇಂದ ಶುರುವಾದರೆ ಯಾವಾಗ ಬೇಕಾದರೂ ಬದಲಾಗಬಹುದು ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ಆ ಸೊನ್ನೆಯಲ್ಲಿ ಎಷ್ಟು ದಿನ ಇದ್ದರೂ ತಪ್ಪಿಲ್ಲ. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ 1993ರಲ್ಲಿ ಶುರುವಾಗಿ 1.0 ತಲುಪಿದ್ದು 2008ರಲ್ಲಿ.

ಉತ್ತರ 3

ಚಿಕ್ಕದಾಗಿ ಎರಡು ವಿಷಯ. ಲೈಸೆನ್ಸ್ ಫೈಲ್ ಮೊದಲ ದಿನವೇ ಇರಲಿ. ಅದಿಲ್ಲದೆ ಕೋಡ್ ಎಲ್ಲರಿಗೂ ಕಾಣುತ್ತಿದ್ದರೂ ಬಳಸುವ ಹಕ್ಕು ಯಾರಿಗೂ ಸಿಗುವುದಿಲ್ಲ. ಹತ್ತು ಜನ ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿದ ಮೇಲೆ ಲೈಸೆನ್ಸ್ ಬದಲಿಸಬೇಕಾದರೆ ಹತ್ತೂ ಜನರ ಒಪ್ಪಿಗೆ ಹುಡುಕಬೇಕಾಗುತ್ತದೆ.

ಎರಡನೆಯದು, ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಟೂಲ್) ಇತಿಹಾಸವನ್ನು ಪೂರ್ತಿ ಜಾಲಾಡಿ. ಪಾಸ್‌ವರ್ಡ್ ಅಥವಾ ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಪ್ತ ಕೀಲಿ) ಇದ್ದ ಸಾಲನ್ನು ಇವತ್ತು ಅಳಿಸಿದರೂ ಹಳೇ ಕಮಿಟ್‌ನಲ್ಲಿ (ದಾಖಲಾದ ಹಳೇ ಬದಲಾವಣೆಯಲ್ಲಿ) ಅದು ಇದ್ದೇ ಇರುತ್ತದೆ. ಅಂಥದ್ದು ಸಿಕ್ಕಿದರೆ ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಹೋಲಿಕೆ ಇಡೀ ಫೈಲಿನದು, ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತೆಗೆದು ನೋಡುತ್ತೇನೆ. ಆದರೆ ನೇರವಾಗಿ ಅಳಿಸುತ್ತಿತ್ತು, ಅದನ್ನು ಮೊದಲು ಬದಲಿಸುತ್ತೇನೆ. ಇನ್ನೊಂದು ಅಳುಕಿದೆ. ಕೋಡ್ ನೋಡಲು ಚೆನ್ನಾಗಿಲ್ಲ. ಅದೂ ಅಲ್ಲದೆ, ಬಿಟ್ಟ ಮೇಲೆ ದಿನಾ ದೂರುಗಳು ಬಂದರೆ ನಾನೊಬ್ಬನೇ ಹೇಗೆ ನಿಭಾಯಿಸಲಿ?

ಉತ್ತರ 1

ಕೋಡ್ ಚಂದ ಇಲ್ಲ ಅಂತ ಯಾರೂ ಬಿಟ್ಟುಹೋಗಲ್ಲ. ನನ್ನ ಟೂಲಿನಲ್ಲಿ ಒಂದೇ ಫಂಕ್ಷನ್ 400 ಸಾಲು ಇತ್ತು. ಅದನ್ನು ಒಡೆದು ಸರಿಮಾಡಿ ಕಳಿಸಿದ್ದು ಯಾರೋ ಗೊತ್ತಿಲ್ಲದವರು. ಅವರ ಮಷೀನಿನಲ್ಲೂ ಕೋಡ್ ಬಿಲ್ಡ್ ಆಗುತ್ತಿತ್ತು, ಅಂದರೆ ಓಡುವ ಪ್ರೋಗ್ರಾಮ್ ಆಗುತ್ತಿತ್ತು, ಅದಕ್ಕೇ ಕೈ ಹಾಕಿದರು.

ದೂರುಗಳ ವಿಷಯ ನಿಜಕ್ಕೂ ಯೋಚಿಸಬೇಕಾದ್ದು. ವಾರಕ್ಕೆ ಎರಡು ಗಂಟೆ ಕೊಡಲು ಆಗುತ್ತದೆ ಅಂದರೆ ಅದನ್ನೇ ರೀಡ್‌ಮಿಯಲ್ಲಿ ಬರೆಯಿರಿ. "ಉತ್ತರಕ್ಕೆ ಒಂದು ವಾರ ಆಗಬಹುದು" ಅಂತ ಓದಿದವರು ಒಂದು ವಾರ ಕಾಯುತ್ತಾರೆ. ಪರೀಕ್ಷೆ, ಮದುವೆ, ಊರಿಗೆ ಹೋಗುವುದು ಇಂಥದ್ದೇನಾದರೂ ಮುಂದಿನ ತಿಂಗಳೇ ಇದ್ದರೆ ಅದು ಮುಗಿದ ಮೇಲೆ ಬಿಡಿ. ಮೊದಲ ಎರಡು ವಾರ ನೀವು ಕೈಗೆ ಸಿಗಬೇಕು. ಜಾಸ್ತಿ ಪ್ರಶ್ನೆ ಬರುವುದು ಆಗಲೇ.

ಕೇಳಿದವರು ಮತ್ತೆ

ಸರಿ. ಇವತ್ತು ರಾತ್ರಿ ಅಳಿಸುವುದನ್ನು ಸರಿಸುವುದಕ್ಕೆ ಬದಲಿಸಿದೆ, ಅದಕ್ಕೆ ಆರು ಟೆಸ್ಟ್ ಬರೆದೆ. ಒಂದು ಫೇಲ್ ಆಯಿತು: ಒಂದೇ ಹೆಸರಿನ ಎರಡು ಫೈಲ್ ಸರಿಸಿದಾಗ ಎರಡನೆಯದು ಮೊದಲನೆಯದರ ಮೇಲೆ ಕೂತುಬಿಡುತ್ತಿತ್ತು. ಅದು ಸರಿಹೋಗುವವರೆಗೂ ಬಿಡುವುದಿಲ್ಲ. ವಿಡಿಯೋ ಕೋಡನ್ನು ಬೇರೆ ಬ್ರಾಂಚಿಗೆ (ಗಿಟ್‌ನಲ್ಲಿ ಪ್ರತ್ಯೇಕ ಕವಲಿಗೆ) ಹಾಕಿದ್ದೇನೆ. ಶನಿವಾರ ಅಕ್ಕನ ಲ್ಯಾಪ್‌ಟಾಪಿನಲ್ಲಿ ಅವಳ ಕೈಯಿಂದಲೇ ಇನ್‌ಸ್ಟಾಲ್ ಮಾಡಿಸುತ್ತೇನೆ. ಅವಳಿಗೆ ಬಂದರೆ ಭಾನುವಾರ 0.1.