ಮೌಂಟ್ ಆಪ್ಷನ್ ರೀಬೂಟ್ ಆದ ಮೇಲೆ ಉಳಿಯುತ್ತಿಲ್ಲ, ಎಫ್‌ಎಸ್‌ಟ್ಯಾಬ್‌ಗೆ ಬರೆದರೆ ಸಿಸ್ಟಮ್ಮೇ ಏಳುತ್ತಿಲ್ಲ

ಹಳೆಲ್ಯಾಪ್‌ಟಾಪ್:
ಡೆಬಿಯನ್ 12 ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ 2 ಟಿಬಿಯ ಯುಎಸ್‌ಬಿ ಡಿಸ್ಕ್ ಹಾಕಿಕೊಂಡಿದ್ದೇನೆ. ಮನೆಯ ಫೋಟೊಗಳು, ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿದ ಆಡಿಯೊ ಎಲ್ಲ ಅದರಲ್ಲೇ ಇದೆ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4, ಮೌಂಟ್ ಆಗುವ ಜಾಗ, ಅಂದರೆ ಡಿಸ್ಕ್ ತೆರೆದುಕೊಳ್ಳುವ ಫೋಲ್ಡರ್, /ಡೇಟಾ.

ಫೈಲನ್ನು ಸುಮ್ನೆ ಓದಿದರೂ ಡಿಸ್ಕಿಗೆ ಸಮಯ ಬರೆಯುವುದು ಬೇಡ ಅಂತ ರೀಮೌಂಟ್ ಮಾಡಿ ನೋಎಟೈಮ್ ಕೊಟ್ಟೆ. ಕೆಲಸ ಮಾಡಿತು. ಮಾರನೇ ದಿನ ಆನ್ ಮಾಡಿದರೆ ಮತ್ತೆ ರೆಲ್‌ಎಟೈಮ್ (ಓದಿದ ಸಮಯವನ್ನು ಆಗಾಗ ಬರೆಯುವ ಮಾಮೂಲಿ ಆಪ್ಷನ್)! ಸರಿ, ಬೂಟ್ ಆಗುವಾಗ ಏನೇನು ಹೇಗೆ ಮೌಂಟ್ ಆಗಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಒಂದು ಸಾಲು ಸೇರಿಸಿದೆ. ಒಂದು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಡಿಸ್ಕ್ ತೆಗೆದಿಟ್ಟು ಬೂಟ್ ಮಾಡಿದೆ ನೋಡಿ, ಪರದೆ ಮೇಲೆ ಸೆಕೆಂಡ್ ಎಣಿಕೆ ಶುರುವಾಯಿತು, ಒಂದೂವರೆ ನಿಮಿಷ ಆದ ಮೇಲೆ ಎಮರ್ಜೆನ್ಸಿ ಮೋಡ್‌ಗೆ (ರಿಪೇರಿಗೆ ಕಮಾಂಡ್ ಸಾಲು ಮಾತ್ರ ಸಿಗುವ ಸ್ಥಿತಿ) ಹೋಗಿ ಕೂತಿತು. ಹೆದರಿ ಆ ಸಾಲು ಅಳಿಸಿದೆ. ಟ್ಯೂನ್2ಎಫ್‌ಎಸ್ ಅನ್ನುವ ಕಮಾಂಡ್‌ನಿಂದ ಆಪ್ಷನ್ ಡಿಸ್ಕಿನಲ್ಲೇ ಬರೆದಿಡಬಹುದು ಅಂತ ಗೆಳೆಯ ಹೇಳಿದ. ಯಾವುದು ಸರಿ?

ಕರಾವಳಿಕರ್ನಲ್:
ಮೊದಲು ಧೈರ್ಯ ತಂದುಕೊಳ್ಳಿ, ನಿಮ್ಮ ಡೇಟಾಗೆ ಏನೂ ಆಗಿಲ್ಲ. ಕೈಯಲ್ಲಿ ಕೊಟ್ಟ ಆಪ್ಷನ್ ಕರ್ನಲ್‌ನ (ಸಿಸ್ಟಮ್ಮಿನ ತಿರುಳು) ಮೆಮೊರಿಯಲ್ಲಷ್ಟೇ ಇರುತ್ತದೆ. ಅನ್‌ಮೌಂಟ್ ಮಾಡಿದರೂ ಹೋಯಿತು, ರೀಬೂಟ್ ಆದರೂ ಹೋಯಿತು. ಉಳಿಯಬೇಕಾದರೆ ಎಫ್‌ಎಸ್‌ಟ್ಯಾಬ್‌ನಲ್ಲೇ ಬರೆಯಬೇಕು. ನೀವು ಹಿಡಿದ ದಾರಿ ಸರಿಯೇ ಇತ್ತು, ನೋಫೇಲ್ ಅನ್ನುವ ಒಂದು ಪದ ಬಿಟ್ಟುಹೋಗಿತ್ತು ಅಷ್ಟೆ. ಅದಿಲ್ಲದಿದ್ದರೆ ಆ ಡಿಸ್ಕ್ ಬೂಟ್‌ಗೆ ಬೇಕೇ ಬೇಕು ಅಂತ ಬೂಟ್ ನಡೆಸುವ ಸಿಸ್ಟಮ್‌ಡಿ ತಿಳಿದುಕೊಂಡು 90 ಸೆಕೆಂಡ್ ಕಾಯುತ್ತದೆ.

ಆ ಸಾಲಿನ ನಾಲ್ಕನೇ ಜಾಗದಲ್ಲಿ ನೋಎಟೈಮ್,ನೋಫೇಲ್ ಅಂತ ಹಾಕಿ, ನಡುವೆ ಕಾಮಾ ಮಾತ್ರ ಇರಲಿ, ಜಾಗ ಬಿಡಬೇಡಿ. ಕೊನೆಗೆ 0, ಆಮೇಲೆ 2. ಮೊದಲನೇ ಜಾಗದಲ್ಲಿ ಎಸ್‌ಡಿಬಿ1 ಅಂತ ಡಿವೈಸ್ ಹೆಸರು ಬರೆದಿದ್ದರೆ ತೆಗೆದುಬಿಡಿ, ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರೆ ಆ ಹೆಸರು ಬದಲಾಗಬಹುದು. ಬ್ಲಾಕ್‌ಐಡಿ ಕಮಾಂಡ್ ಕೊಡುವ ಯುಯುಐಡಿ (ಹಾಗೆ ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ.

ಬರೆದ ತಕ್ಷಣ ರೀಬೂಟ್ ಮಾಡಬೇಡಿ, ದಯವಿಟ್ಟು. ಫೈಂಡ್‌ಎಮ್‌ಎನ್‌ಟಿ ಕಮಾಂಡಿಗೆ ವೆರಿಫೈ ಆಪ್ಷನ್ ಕೊಟ್ಟು ಓಡಿಸಿದರೆ ತಪ್ಪಿದ್ದಲ್ಲಿ ಹೇಳುತ್ತದೆ. ಆಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಕೊಡಿ, ಸಿಸ್ಟಮ್‌ಡಿ ಹೊಸ ಸಾಲನ್ನು ಓದಿಕೊಳ್ಳಲಿ.

ಶೆಲ್‌ಸಾಲು:
ಟ್ಯೂನ್2ಎಫ್‌ಎಸ್ ಬಗ್ಗೆ ಹೇಳುತ್ತೇನೆ. ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಇಎಕ್ಸ್‌ಟಿ4ನ ಸೂಪರ್‌ಬ್ಲಾಕಿನಲ್ಲಿ (ಡಿಸ್ಕಿನ ಮೇಲೇ ಫೈಲ್‌ಸಿಸ್ಟಮ್‌ನ ವಿವರ ಇರುವ ಜಾಗ) ಕೆಲವು ಡೀಫಾಲ್ಟ್ ಆಪ್ಷನ್ ಇಡಬಹುದು: ಎಸಿಎಲ್, ಡಿಸ್ಕಾರ್ಡ್, ಜರ್ನಲ್ ಹೇಗಿರಬೇಕು ಅನ್ನುವುದು, ಇಂಥವು. ಅವು ಡಿಸ್ಕಿನ ಜೊತೆಗೇ ಇನ್ನೊಂದು ಕಂಪ್ಯೂಟರಿಗೂ ಹೋಗುತ್ತವೆ. ಆದರೆ ನೋಎಟೈಮ್ ಆ ಪಟ್ಟಿಯಲ್ಲಿ ಇಲ್ಲ. ಅದು ಇಎಕ್ಸ್‌ಟಿ4ನದಲ್ಲ, ಅದರ ಮೇಲಿನ ವಿಎಫ್‌ಎಸ್ ಅನ್ನುವ, ಎಲ್ಲ ಫೈಲ್‌ಸಿಸ್ಟಮ್‌ಗಳಿಗೂ ಸಾಮಾನ್ಯವಾದ ಪದರದ್ದು. ಹಾಗಾಗಿ ನಿಮ್ಮ ವಿಷಯಕ್ಕೆ ಎಫ್‌ಎಸ್‌ಟ್ಯಾಬೇ ಸರಿಯಾದ ದಾರಿ.

ಇನ್ನೊಂದು ಮಾತು, ನೋಎಟೈಮ್‌ನಿಂದ ಬಹಳ ಲಾಭ ಸಿಗುತ್ತದೆ ಅಂದುಕೊಳ್ಳಬೇಡಿ. 2009ರಲ್ಲಿ ಬಂದ 2.6.30 ಕರ್ನಲ್‌ನಿಂದ ರೆಲ್‌ಎಟೈಮೇ ಡೀಫಾಲ್ಟ್. ಕೊನೆಯ ಸಲ ಓದಿದ ಮೇಲೆ ಫೈಲ್ ಬದಲಾಗಿದ್ದರೆ, ಇಲ್ಲವೇ ದಾಖಲಾದ ಸಮಯಕ್ಕೆ 24 ಗಂಟೆ ದಾಟಿದ್ದರೆ ಮಾತ್ರ ಅದು ಹೊಸ ಸಮಯ ಬರೆಯುತ್ತದೆ. ಸಾವಿರಾರು ಫೋಟೊ ದಿನಾ ಬ್ಯಾಕಪ್‌ನಲ್ಲಿ ಓದಿಸುವವರಿಗೆ ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ.

ಹಳೆಲ್ಯಾಪ್‌ಟಾಪ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಯುಯುಐಡಿ, ನೋಫೇಲ್ ಎರಡೂ ಹಾಕಿದೆ. ಡಿಸ್ಕ್ ತೆಗೆದು ಬೂಟ್ ಮಾಡಿದೆ, ಎಲ್ಲೂ ನಿಲ್ಲದೆ ಲಾಗಿನ್‌ವರೆಗೆ ಬಂತು. ಆದರೆ ಡಿಸ್ಕ್ ಮೌಂಟ್ ಆಗಿದ್ದಾಗಲೇ ಎಫ್‌ಎಸ್‌ಟ್ಯಾಬ್ ಬದಲಿಸಿ ಮೌಂಟ್ -ಎ (ಎಫ್‌ಎಸ್‌ಟ್ಯಾಬ್‌ನಲ್ಲಿರುವುದನ್ನೆಲ್ಲ ಮೌಂಟ್ ಮಾಡುವ ಕಮಾಂಡ್) ಕೊಟ್ಟಿದ್ದೆ, ಆಗ ಮಾತ್ರ ಏನೂ ಬದಲಾಗಲಿಲ್ಲ. ಯಾಕೆ?

ಕರಾವಳಿಕರ್ನಲ್:
ಈಗಾಗಲೇ ಮೌಂಟ್ ಆಗಿರುವುದನ್ನು ಮೌಂಟ್ -ಎ ಮುಟ್ಟುವುದಿಲ್ಲ. ರೀಮೌಂಟ್ ಅಂತ ಕೊಟ್ಟು /ಡೇಟಾ ಅಷ್ಟೇ ಬರೆಯಿರಿ, ಆಗ ಎಫ್‌ಎಸ್‌ಟ್ಯಾಬ್ ನೋಡಿ ಅಲ್ಲಿನ ಆಪ್ಷನ್ ತೆಗೆದುಕೊಳ್ಳುತ್ತದೆ. ಡಿವೈಸ್ ಹೆಸರು, /ಡೇಟಾ ಎರಡೂ ಬರೆದರೆ ಎಫ್‌ಎಸ್‌ಟ್ಯಾಬ್ ಕಡೆ ತಿರುಗಿಯೂ ನೋಡುವುದಿಲ್ಲ. ಇದು ನನ್ನನ್ನೂ ಒಮ್ಮೆ ಅರ್ಧ ದಿನ ಸತಾಯಿಸಿತ್ತು.

ತಾತ್ಕಾಲಿಕ ರೀಮೌಂಟನ್ನು ಬೇಡದ್ದು ಅಂತ ತಳ್ಳಿಹಾಕಬೇಡಿ. ಮುಂದೆ ಎಂದಾದರೂ ಎಮರ್ಜೆನ್ಸಿ ಮೋಡ್‌ನಲ್ಲಿ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಭಾಗ) ಓದಲು ಮಾತ್ರ ಅಂತ ಮೌಂಟ್ ಆಗಿದ್ದರೆ, ರೀಮೌಂಟ್,ಆರ್‌ಡಬ್ಲ್ಯೂ (ಓದಲೂ ಬರೆಯಲೂ) ಕೊಟ್ಟರೇ ಎಫ್‌ಎಸ್‌ಟ್ಯಾಬ್ ತಿದ್ದೋಕೆ ಆಗೋದು.

ಶೆಲ್‌ಸಾಲು:
ನೋಫೇಲ್ ಹಾಕಿದ ಮೇಲೆ ಒಂದು ಅಪಾಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ಇಲ್ಲದಿದ್ದರೂ /ಡೇಟಾ ಅನ್ನುವ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ ಅಲ್ವಾ? ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಅದರೊಳಗೇ ತುಂಬಿಸುತ್ತಾ ಹೋಗಿ ರೂಟ್ ಪಾರ್ಟಿಷನ್ ತುಂಬಿಹೋಗುತ್ತದೆ. ಡಿಸ್ಕ್ ತೆಗೆದು, ಆ ಖಾಲಿ ಫೋಲ್ಡರಿಗೆ ಸಿಎಚ್‌ಎಟಿಟಿಆರ್ +ಐ ಕಮಾಂಡ್ ಕೊಟ್ಟುಬಿಡಿ. ಆಗ ರೂಟ್ ಯೂಸರ್ ಕೂಡ ಅದರೊಳಗೆ ಬರೆಯೋಕೆ ಆಗಲ್ಲ, ಡಿಸ್ಕ್ ಮಾತ್ರ ಅದರ ಮೇಲೆ ಎಂದಿನಂತೆ ಮೌಂಟ್ ಆಗುತ್ತದೆ.